ಸೇತುವೆಯ ಮೇಲಿನ ಪ್ರಶ್ನೆ

ಡುಮ್ಮನ ಬಲಗೈ ಮೊದಲು ಸೋತದ್ದು ಕೆಲಸದ ಮೇಜಿನ ಮುಂದೆ. ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಗುಲಾಬಿ ಬಣ್ಣದ ಮೇಣದ ಒಸಡಿಗೆ ಬಾಚಿಹಲ್ಲೊಂದನ್ನು ಕೂರಿಸಲು ಹೋದರೆ ಚಿಮುಟ ಜಾರಿತು. ಎತ್ತಿಕೊಂಡ, ಮತ್ತೆ ಜಾರಿತು. ನಿದ್ದೆ ಸಾಲದೆ ಹೀಗಾಗಿರಬೇಕು ಎಂದುಕೊಂಡ. ವರ್ಷ ತುಂಬುವುದರೊಳಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಆಗದಾಯಿತು. ಮೈಯ ಸ್ನಾಯುಗಳೆಲ್ಲ ಒಂದೊಂದಾಗಿ ಸೊರಗುವ ಕಾಯಿಲೆ, ಕೊನೆಗೆ ಉಸಿರಾಟಕ್ಕೂ ಬರುತ್ತದೆ, ಮದ್ದಿಲ್ಲ ಎಂದರು ಡಾಕ್ಟರು. ಅಕ್ಕ ಅವನನ್ನು ತನ್ನ ಮನೆಗೆ ಕರೆತಂದಳು.

ಅಕ್ಕ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿ ಸ್ಪಂಜಿನ ಹಾಳೆಗಳು, ಸ್ಪ್ರಿಂಗುಗಳು, ಕಾಲಿಗೆ ಸಿಕ್ಕುವ ಸಣ್ಣ ಮೊಳೆಗಳು. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವಳೂ ಅವಳೇ. ಅವಳು ಬಡಿಸಿ ಬಡಿಸಿಯೇ ಅವನಿಗೆ ಆ ಹೆಸರು ಬಂದದ್ದು. ಈಗ ಅವನನ್ನು ಅವಳೊಬ್ಬಳೇ ಎತ್ತಿ ಕುರ್ಚಿಯಲ್ಲಿ ಕೂರಿಸಬಲ್ಲಳು. ಮೈ ಇಳಿದರೂ ಹೆಸರು ಮಾತ್ರ ಇಳಿಯಲಿಲ್ಲ.

ಬರುವಾಗ ಅವನು ತಂದದ್ದು ಎರಡು ಚೀಲ ಬಟ್ಟೆ, ಟಿವಿಗೆ ಸಿಕ್ಕಿಸಿ ಆಡುವ ಒಂದು ವಿಡಿಯೋ ಆಟದ ಪೆಟ್ಟಿಗೆ. ಅದರಲ್ಲಿ ಅವನು ಆಡುತ್ತಿದ್ದದ್ದು ಒಂದೇ ಆಟ. ಕಿವಿ ಕೇಳದ ಮುದುಕನೊಬ್ಬನನ್ನು ಹುಡುಗಿಯೊಬ್ಬಳು ಉಪ್ಪಿನ ಬಯಲು ದಾಟಿಸಿ ಸಮುದ್ರದ ದಡಕ್ಕೆ ಕರೆದೊಯ್ಯುವ ಕಥೆ. ಬೆರಳು ಏಳದಾದ ಮೇಲೆ, "ಅಕ್ಕಾ, ನೀನು ಒತ್ತು, ನಾನು ಹೇಳ್ತೀನಿ" ಎಂದ.

ಅವಳು ಕಲಿತಳು. ಕಲಿಯುತ್ತಾ ಬೈದಳು. ಬೈಯಲು ಬೇಕಾದಷ್ಟಿತ್ತು. ಮುದುಕನ ಮಾತು ಮುಗಿದು ಎಷ್ಟೋ ಹೊತ್ತಾದ ಮೇಲೆ ಅವನ ತುಟಿ ಆಡುತ್ತಿತ್ತು. ಮುದುಕನ ಸಾಮಾನು ಹೊತ್ತ ಕತ್ತೆ ಹೊಟ್ಟೆಯ ತನಕ ನೆಲದಲ್ಲಿ ಹೂತುಹೋಗಿ, ಏನೂ ಆಗಿಲ್ಲವೆಂಬಂತೆ ನಡೆಯುತ್ತಲೇ ಇತ್ತು.

"ಇದನ್ನ ಮಾಡಿದೋರಿಗೆ ಕಣ್ಣಿರಲಿಲ್ವೇನೋ?"

"ಕತ್ತೆ ನೋಡ್ಬೇಡ, ಮುದುಕ ಹೇಳೋದು ಕೇಳು."

ಮುದುಕ ಹೇಳುತ್ತಿದ್ದದ್ದು ನಿಜಕ್ಕೂ ಚೆನ್ನಾಗಿತ್ತು. ಸತ್ತ ಹೆಂಡತಿಯ ಬಗ್ಗೆ, ಅವಳ ಗೊರಕೆಯ ಬಗ್ಗೆ, ಕಿವಿ ಹೋದ ಮೇಲೆ ಅದೇ ಗೊರಕೆಗಾಗಿ ತಾನು ಹಂಬಲಿಸಿದ್ದರ ಬಗ್ಗೆ. ಆ ಭಾಗ ಬಂದಾಗ ಅಕ್ಕ ಗುಂಡಿ ಒತ್ತುವುದನ್ನು ಮರೆತು ಕೂತಳು. ಡುಮ್ಮ ಗೆದ್ದವನಂತೆ ನಕ್ಕ.

ಆಮೇಲೆ ಸೇತುವೆ ಬಂತು. ಹಗ್ಗ ಹರಿಯುತ್ತಿದೆ, ಮುದುಕ ನೇತಾಡುತ್ತಿದ್ದಾನೆ, ಪರದೆಯ ಮೇಲೆ ಪ್ರಶ್ನೆ: ಕೈ ಹಿಡಿಯುವೆಯಾ? ಕೈ ಬಿಡುವೆಯಾ?

"ಹಿಡಿ ಹಿಡಿ!" ಎಂದ ಡುಮ್ಮ. ಹಿಡಿದಳು. ಮುದುಕ ಜಾರಿ ಬಿದ್ದ.

ತನ್ನದೇ ತಪ್ಪೆಂದುಕೊಂಡು ಅವಳು ಹಿಂದಕ್ಕೆ ಹೋಗಿ ಮತ್ತೆ ಆಡಿದಳು. ಹಿಡಿದರೂ ಬಿದ್ದ, ಬಿಟ್ಟರೂ ಬಿದ್ದ. ಅವಳಿಗೆ ಮೈಯೆಲ್ಲ ಉರಿಯಿತು.

"ಏನ್ ಮಾಡಿದ್ರೂ ಸಾಯೋನೇ ಆದ್ರೆ ನನ್ನ ಯಾಕೆ ಕೇಳ್ಬೇಕು? ಶುದ್ಧ ಮೋಸ ಇದು!"

"ಆಡಿದೋರೆಲ್ಲ ಅದನ್ನೇ ಹೇಳಿ ಉಗಿದ್ರು. ನನಗೆ ಆಟದಲ್ಲಿ ಇಷ್ಟ ಆಗಿದ್ದೇ ಅದು."

"ಮೋಸ ಇಷ್ಟ ಆಯ್ತಾ?"

ಆಗಲೇ ಅವನಿಗೆ ನಾಲಿಗೆ ತೊಡರತೊಡಗಿತ್ತು. ನಿಧಾನಕ್ಕೆ ಹೇಳಿದ. "ಬೀಳೋದು ಹೇಗೂ ತಪ್ಪಲ್ಲ. ಆದ್ರೂ ಕೇಳಿದ್ರಲ್ಲ, ಅಕ್ಕಾ. ನನ್ನ ಕಾಯಿಲೆ ನನ್ನ ಏನಾದ್ರೂ ಕೇಳ್ತಾ?"

ಅವಳು ಆಟ ನಿಲ್ಲಿಸಿ, ಗಿರಾಕಿಯೊಬ್ಬರ ಆರಾಮಕುರ್ಚಿಯ ಹಳೆಯ ಮೊಳೆಗಳನ್ನು ಕೀಳುತ್ತಾ ಕೂತಳು.

ಮುಂದಿನ ಬೇಸಗೆಯಲ್ಲಿ ಅವನ ಎದೆಯಲ್ಲಿ ಕಫ ಕಟ್ಟಿತು. ಆಂಬುಲೆನ್ಸಿನಲ್ಲಿ ಅವನ ತುಟಿ ನೀಲಿಯಾಗಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಅಕ್ಕನನ್ನು ಪರದೆಯ ಆಚೆಗೆ ಕರೆದರು.

"ಗಂಟಲಿಗೆ ತೂತು ಮಾಡಿ ಕೊಳವೆ ಹಾಕ್ಬೇಕಾಗತ್ತೆ. ಆಮೇಲೆ ಯಾವಾಗಲೂ ಮಷೀನಿನಿಂದಲೇ ಉಸಿರಾಟ, ಮಾತು ಇರಲ್ಲ. ಬೇಡ ಅನ್ನೋರೂ ಇದ್ದಾರೆ. ನಿಮ್ಮ ತಮ್ಮ ಮಂಪರಿನಲ್ಲಿದ್ದಾರೆ, ಆದ್ರೆ ಕರೆದ್ರೆ ಕಣ್ಣು ಬಿಡ್ತಾರೆ. ಒಂದು ಮಾತು ಕೇಳ್ಕೊಂಡು ಬನ್ನಿ."

ಪರದೆಯ ಸಂದಿಯಲ್ಲಿ ಅವನ ಪಾದಗಳು ಕಾಣುತ್ತಿದ್ದವು. ಬೇಡ ಎಂದುಬಿಟ್ಟರೆ?

"ನಾವು ಮೊದಲೇ ಮಾತಾಡ್ಕೊಂಡಿದ್ದೀವಿ," ಎಂದಳು ಅಕ್ಕ. "ಅವನು ಹಾಕಿ ಅಂತಲೇ ಹೇಳಿದ್ದಾನೆ."

ಹಾಗೆಂದೂ ಅವರು ಮಾತಾಡಿರಲಿಲ್ಲ.

ಬದುಕಿ ಮನೆಗೆ ಬಂದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚ, ಪಕ್ಕದಲ್ಲಿ ಹಗಲಿರುಳೂ ಉಸ್ ಎನ್ನುವ ಯಂತ್ರ. ಕೊಳವೆಯ ಕಫ ತೆಗೆಯುವುದನ್ನು ಅವಳು ನರ್ಸಿನಿಂದ ಕಲಿತಳು. ಅವನಲ್ಲಿ ಹೇಳಿದಂತೆ ಕೇಳುತ್ತಿದ್ದದ್ದು ಕಣ್ಣು ಮಾತ್ರ. ರಟ್ಟಿನ ಮೇಲೆ ಅವಳೇ ದಪ್ಪಗೆ ಅಕ್ಷರಮಾಲೆ ಬರೆದಳು. ಅವಳ ಬೆರಳು ಬೇಕಾದ ಅಕ್ಷರಕ್ಕೆ ಬಂದಾಗ ಅವನು ರೆಪ್ಪೆ ಮುಚ್ಚುತ್ತಿದ್ದ.

ಹಲವು ದಿನ ಅವನು ಆ ರಟ್ಟಿನ ಕಡೆ ನೋಡಲೇ ಇಲ್ಲ. ಕೊನೆಗೊಂದು ಬೆಳಿಗ್ಗೆ ನೋಡಿದ. ಅವಳು ಸಂಭ್ರಮದಿಂದ ಬೆರಳಾಡಿಸುತ್ತಾ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡಳು. ಕೂಡಿದ್ದು ಒಂದೇ ಮಾತು: ಕೇಳಲಿಲ್ಲ.

ಏನು ಎಂದು ಅವಳು ಕೇಳಬೇಕಾಗಿರಲಿಲ್ಲ.

"ಕೇಳಿದ್ದಿದ್ರೆ ಏನಂತಿದ್ದೆ?" ಎಂದಳು.

ಅವನು ಕಣ್ಣು ಮುಚ್ಚಿದ. ಅದು ಯಾವ ಅಕ್ಷರಕ್ಕೂ ಕೊಟ್ಟ ಉತ್ತರವಾಗಿರಲಿಲ್ಲ. ಆಮೇಲೆ ಅವಳು ಎಷ್ಟು ಸಲ ರಟ್ಟು ಹಿಡಿದರೂ ಆ ಪ್ರಶ್ನೆಗೆ ಮಾತ್ರ ಅವನು ಉತ್ತರ ಕೊಡಲಿಲ್ಲ.

ಕೆಲಸದ ನಡುವೆ ಅವಳ ಕೈ ತಪ್ಪತೊಡಗಿತು. ಪಟ್ಟೆ ಬಟ್ಟೆಯನ್ನು ಅಡ್ಡಕ್ಕೆ ಹೊದಿಸಿ ಗಿರಾಕಿಯಿಂದ ಬೈಸಿಕೊಂಡಳು. ಅವನಿಗೆ ಮೈ ಒರೆಸುವಾಗ ಏನೇನೋ ಹರಟುತ್ತಿದ್ದಳು, ಅವನು ಗೋಡೆ ನೋಡುತ್ತಿದ್ದ. ಮುನಿಸಿಕೊಂಡವನು ಎದ್ದುಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಇವನಿಗೆ ಅಷ್ಟೂ ಆಗುವಂತಿರಲಿಲ್ಲ.

ಬೇರೆ ದಾರಿ ಕಾಣದೆ ಒಂದು ದಿನ ಆಟದ ಪೆಟ್ಟಿಗೆಯನ್ನು ಅವನ ಕೋಣೆಗೆ ತಂದು ಟಿವಿಗೆ ಸಿಕ್ಕಿಸಿದಳು. ಅವನು ಬೇಡವೆನ್ನಲಿಲ್ಲ. ಅವರು ಬಿಟ್ಟಲ್ಲಿಂದಲೇ ಆಟ ತೆರೆದುಕೊಂಡಿತು. ಅದೇ ಸೇತುವೆ, ಅದೇ ಪ್ರಶ್ನೆ. ಅವಳು ತಾನಾಗಿ ಒತ್ತದೆ ತಮ್ಮನತ್ತ ತಿರುಗಿದಳು.

"ಹಿಡೀಲಾ?"

ಅವನ ರೆಪ್ಪೆ ಅಲುಗಲಿಲ್ಲ.

"ಬಿಡ್ಲಾ?"

ಮುಚ್ಚಿದ.

ಬಿಟ್ಟಳು. ಮುದುಕ ಬಿದ್ದ. ಡುಮ್ಮ ಪರದೆಯಿಂದ ಕಣ್ಣು ತೆಗೆದು ಅಕ್ಕನನ್ನು ನೋಡಿದ, ಗೋಡೆಯನ್ನಲ್ಲ. ಅಂದು ಸಂಜೆಯವರೆಗೂ ಅವರು ಆಡಿದರು. ಹುಡುಗಿ ಒಬ್ಬಳೇ ಉಪ್ಪಿನ ಮೇಲೆ ನಡೆದಳು, ಕತ್ತೆ ನೆಲದಲ್ಲಿ ಹೂತುಕೊಂಡೇ ಹಿಂಬಾಲಿಸಿತು. ಅವನ ಕಣ್ಣಂಚಿನಲ್ಲಿ ನಗೆಯಂಥದ್ದು ಏನೋ ಸುಳಿಯಿತು. ಸಮುದ್ರಕ್ಕೆ ಇನ್ನೂ ದೂರವಿತ್ತು.

ಚಳಿಗಾಲದಲ್ಲಿ ಮತ್ತೆ ಕಫ, ಮತ್ತೆ ಜ್ವರ. ಮನೆಗೆ ಬಂದ ಡಾಕ್ಟರಮ್ಮ, "ಸೇರಿಸಿದ್ರೆ ಇನ್ನೊಂದಷ್ಟು ತಿಂಗಳು ಸಿಗಬಹುದು" ಎಂದರು. ಅಕ್ಕನ ಕಾಲು ಆಗಲೇ ಚೀಲ ತುಂಬಲು ಹೊರಟಿತ್ತು. ನಿಂತಳು. ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಅವನ ಮುಖದ ನೇರಕ್ಕೆ ಕೂತಳು.

"ಡುಮ್ಮಾ, ಆಸ್ಪತ್ರೆಗೆ ಹೋಗೋಣ್ವಾ?"

ಅವನು ಕಣ್ಣು ಅಗಲವಾಗಿ ತೆರೆದೇ ಇದ್ದ. ಅವಳು ಕಾದಳು. ನೀರು ತುಂಬಿ ಬಂದರೂ ಅವನು ರೆಪ್ಪೆ ಬಡಿಯಲಿಲ್ಲ.

"ಇಲ್ಲೇ ಇರ್ತೀಯಾ?"

ನಿಧಾನವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ ಮುಚ್ಚಿದ.

"ಸರಿ ಕಣೋ," ಎಂದಳು. ಇನ್ನೊಂದು ಸಲ ಕೇಳಬೇಕೆಂಬ ಆಸೆ ಬಾಯಿಯ ತನಕ ಬಂದಿತ್ತು, ನುಂಗಿಕೊಂಡಳು. ನೋವಿಗೂ ಉಬ್ಬಸಕ್ಕೂ ಔಷಧಿ ಬರೆದುಕೊಟ್ಟು ಡಾಕ್ಟರಮ್ಮ ಹೋದರು. ಆ ವಾರದ ಕೊನೆಯಲ್ಲಿ, ಮಧ್ಯಾಹ್ನ, ಅವಳು ಅವನ ತಲೆ ಬಾಚುತ್ತಿದ್ದಾಗ ಅವನು ಹೋದ. ಯಂತ್ರಕ್ಕೆ ಅದು ತಿಳಿಯದೆ ಉಸ್ ಎನ್ನುತ್ತಲೇ ಇತ್ತು. ಅವಳೇ ಕೈಯಾರೆ ಅದನ್ನು ಆರಿಸಿದಳು.

ಹಲವು ವಾರಗಳ ಮೇಲೆ, ಅಂಗಡಿಗೆ ರಜೆಯಿದ್ದ ದಿನ, ಅವಳು ಆಟವನ್ನು ಕೊನೆಯ ತನಕ ಆಡಿದಳು. ಸಮುದ್ರ ಬಂತು. ಅದು ಸಮುದ್ರವೇ ಅಲ್ಲ, ಅಲೆಯಿಲ್ಲದ, ಬಣ್ಣ ಬಳಿದ ಒಂದು ನೀಲಿ ಹಾಳೆ. ಹುಡುಗಿ ಅದರ ಮುಂದೆ ಹೋಗಿ ನಿಂತಳು. ಒಂದು ಮಾತೂ ಆಡಲಿಲ್ಲ. ಅಷ್ಟೇ, ಮುಗಿಯಿತು.

"ಇಷ್ಟಕ್ಕಾ ಇಷ್ಟು ದೂರ ನಡೆಸಿದ್ದು? ನಾಚಿಕೆ ಆಗಲ್ವಾ ನಿಮಗೆ?" ಎಂದು ಅವಳು ಟಿವಿಯತ್ತ ಕೂಗಿದಳು. ಕೂಗಿ, ಅಭ್ಯಾಸದಂತೆ ಮಂಚದ ಕಡೆ ತಿರುಗಿದಳು. ಹಾಸಿಗೆ ಸುತ್ತಿಟ್ಟಿತ್ತು. ಆಟದ ಪರವಾಗಿ ವಾದಿಸುವವರು ಯಾರೂ ಇರಲಿಲ್ಲ.

ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡಳು. ಮಾಡಿದವರ ಹೆಸರುಗಳೆಲ್ಲ ಮೇಲೇರಿ ಮುಗಿದು ಪರದೆ ಕಪ್ಪಾದರೂ, ಅದೇನು ತಪ್ಪೋ, ಹಾಡು ಮಾತ್ರ ನಿಲ್ಲದೆ ಮೊದಲಿನಿಂದ ಶುರುವಾಗುತ್ತಿತ್ತು. ಅವಳು ಹೋಗಿ ಆರಿಸಲಿಲ್ಲ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿರಲು ನಲ್ಲಿಯ ಪಕ್ಕದಲ್ಲೇ ನಿಂತು ಕೇಳಿದಳು.