ಮೂರನೆಯ ಬೇರು

ನಮ್ಮ ಭಾವನವರು ಬೀದಿಯಲ್ಲಿ ನಡೆಯುವಾಗಲೂ ಎರಡು ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಈಗತಾನೇ ತೊಳೆದು ಇನ್ನೂ ಒರೆಸಿಕೊಳ್ಳದವರಂತೆ ಹಿಡಿದಿರುತ್ತಿದ್ದರು. ಮೂವತ್ತು ವರ್ಷ ಹಲ್ಲಿನ ವೈದ್ಯರಾಗಿದ್ದವರ ಅಭ್ಯಾಸಬಲ ಅದು. ಚೀಲ ಹೊರುವ ಪಾಲು ಸದಾ ನನ್ನ ಅಕ್ಕನದು, ಅವಳು ಗೊಣಗಿದರೆ, "ಈ ಬೆರಳು ಉಳುಕಿದ್ರೆ ಊರಿನ ಬಾಯಿ ನೋಡೋರು ಯಾರೇ?" ಎಂದು ನಗುತ್ತಿದ್ದರು.

ಮೋಸವೆಂಬುದು ಅವರ ಜಾಯಮಾನದಲ್ಲೇ ಇರಲಿಲ್ಲ. ಮೊಣಕೈ ಸವೆದ ಬಿಳಿಯ ಕೋಟು ತೊಟ್ಟು, ಒಂದು ರೂಟ್ ಕೆನಾಲ್‌ಗೆ ಎರಡು ತಾಸು ಬಗ್ಗಿ ನಿಂತು, ಕೂದಲೆಳೆಯಂಥ ಸೂಜಿಗಳಿಂದ ಬೇರಿನೊಳಗಿನ ಕೊಳೆ ತೆಗೆಯುವ ಅವರ ಶ್ರದ್ಧೆ ತಪಸ್ಸಿಗೆ ಸಮಾನ. ಹಟ ಮಾತ್ರ ಒಂದಿತ್ತು: ಹಲ್ಲಿಗೆ ನೇರವಾಗಿ ಒಂದೇ ಎಕ್ಸ್‌ರೇ. ಓರೆಯಾಗಿ ಇನ್ನೊಂದು ತೆಗೆಯಿರೆಂದರೆ, "ಕೈ ಮೇಲೆ ನಂಬಿಕೆ ಇಲ್ದೋರು ತೆಗೀಲಿ," ಎನ್ನುವರು.

ಅಕ್ಕನ ಕೆಳಗಿನ ದವಡೆಹಲ್ಲಿಗೂ ಅವರೇ ರೂಟ್ ಕೆನಾಲ್ ಮಾಡಿದರು. ತಿಂಗಳಾದರೂ ನೋವು ಹೋಗಲಿಲ್ಲ. "ಇರೋದೇ ಎರಡು ಬೇರು, ಎರಡೂ ಕ್ಲೀನಾಗಿದೆ. ಇನ್ನು ನೋಯೋಕೆ ಏನಿದೆ ಅಲ್ಲಿ?" ಎಂದರು ಭಾವ. ನಾನೂ ಅವರ ಪಕ್ಷ ವಹಿಸಿ, "ಡಾಕ್ಟರನ್ನೇ ಕಟ್ಕೊಂಡು ಹಲ್ಲುನೋವು ಅಂತೀಯಲ್ಲಕ್ಕಾ," ಎಂದು ನಕ್ಕೆ. ಯಾಕಾದರೂ ನಕ್ಕೆನೋ ಎಂದು ಇಂದಿಗೂ ಸಂಕಟವಾಗುತ್ತದೆ. ಅಕ್ಕ ಹೇಳುವುದನ್ನೇ ಬಿಟ್ಟಳು; ಒಂದೇ ಪಕ್ಕದಲ್ಲಿ ಅಗಿಯುತ್ತ ಎರಡು ವರ್ಷ ಕಳೆದಳು. ಆ ಮೌನವನ್ನು ಭಾವ ಗುಣವಾಯಿತೆಂದೇ ಎಣಿಸಿದರು.

ಅವಳ ಕೆನ್ನೆ ಊದಿದ ದಿನ ಭಾವ ಪರವೂರಿನಲ್ಲಿದ್ದರು. ಅವರ ಹಳೆಯ ಶಿಷ್ಯೆಯೊಬ್ಬಳು ಓರೆಯಾಗಿ ಎಕ್ಸ್‌ರೇ ತೆಗೆದಳು. ಹಿಂಬದಿಯ ಬೇರಿನ ಮರೆಯಲ್ಲಿ, ನಾಲಗೆಯ ಕಡೆಗೆ, ಸಣ್ಣದೊಂದು ಮೂರನೆಯ ಬೇರಿತ್ತು, ಕೆಲವರಿಗಷ್ಟೇ ಇರುವಂಥದು. ಅದಕ್ಕೆ ಸೂಜಿ ಸೋಕಿಯೇ ಇರಲಿಲ್ಲ. ಸುತ್ತಲಿನ ಮೂಳೆ ಕರಗಿಹೋಗಿ, ಹಲ್ಲು ಉಳಿಯುವ ಸ್ಥಿತಿ ದಾಟಿತ್ತು.

ಮರಳಿ ಬಂದ ಭಾವ ತಾವೇ ಕಿತ್ತರು. ಮೂರು ಬೇರಿನ ಆ ಹಲ್ಲನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, "ಇಷ್ಟು ದಿನ ನೋಯ್ತಿತ್ತಾ? ಹೇಳಬಾರದಿತ್ತೇನೇ?" ಎಂದರು.

ಅಕ್ಕ ಕಚ್ಚಿದ್ದ ಹತ್ತಿಯನ್ನು ತೆಗೆದು, "ಹೇಳಿದ್ನಲ್ಲ," ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಭಾವ ಸಮಾಧಾನಪಡಿಸಿ ಹಗುರಾಗುತ್ತಿದ್ದರೇನೋ.

ಆಮೇಲೆ ಅವರು ಪ್ರತಿಯೊಬ್ಬರಿಗೂ ಓರೆಯ ಎಕ್ಸ್‌ರೇ ತೆಗೆದರು, "ನೋವಿದೆಯಾ?" ಎಂದು ಎರಡೆರಡು ಸಲ ಕೇಳಿದರು. ಅಕ್ಕನನ್ನು ಕೇಳಿದರೆ ಮಾತ್ರ, "ಏನಿಲ್ಲ ಬಿಡಿ," ಎಂಬುದೊಂದೇ ಉತ್ತರ. ಅದು ನಿಜವೋ ಅಲ್ಲವೋ ಅವರಿಗೆ ಮತ್ತೆಂದೂ ತಿಳಿಯಲಿಲ್ಲ. ತಮ್ಮ ಕೈಚಳಕವನ್ನು ಪೂರ್ಣವಾಗಿ ನಂಬಿದ ಸಜ್ಜನರ ಪಾಡೇ ಹೀಗೆ: ಮನೆಯವರು ಅವರೆದುರು ಒಂದೆರಡು ಸಲ ನಿಜ ಹೇಳಿ ನೋಡುತ್ತಾರೆ, ಆಮೇಲೆ ಅವರನ್ನು ನೋಯಿಸದಿರುವುದನ್ನು ಕಲಿತುಬಿಡುತ್ತಾರೆ.