ವಾಕಿಂಗಿನವರಿಗೆ ಮಾತ್ರ

"ಏಯ್, ತೆಗಿಯೇ ಕೈನ ಆ ಚಿಲಕದ ಮೇಲಿಂದ! ಬೋರ್ಡ್ ಕಾಣ್ಸಲ್ವಾ? ಓದೋಕ್ ಬರ್ದಿದ್ರೆ ಬರೋರನ್ನ ಕೇಳು!"

ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ಪಾರ್ಕಿನ ಆ ತುದಿಯಿಂದಲೇ ಕೂಗಿದ. ಆ ಕೈ, ಎಲ್ಲರೂ ಗಡಿಬಿಡಿ ಎಂದು ಕರೆಯುವ ಮನೆಗೆಲಸದವಳದು. ಚಿಲಕ, ಪಾರ್ಕಿನ ಮೂಲೆಯಲ್ಲಿ ಸಂಘದವರು ಹೊಸದಾಗಿ ಕಟ್ಟಿಸಿದ ಶೌಚಾಲಯದ್ದು. ಓದಲು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. 'ವಾಕಿಂಗ್ ಮಾಡುವ ನಿವಾಸಿಗಳಿಗೆ ಮಾತ್ರ' ಎಂದು ಬರೆದಿತ್ತು.

"ನಾನೂ ನಡೀತೀನಲ್ಲ ಸಾರ್. ಬೆಳಗಿಂದ ಐದು ಮನೆ ಸುತ್ತೀನಿ, ನಿಮ್ಗಿಂತ ಜಾಸ್ತಿನೇ."

"ನಾಲ್ಗೆ ಉದ್ದ ಆಯ್ತು. ವಾಕಿಂಗ್ ಬೇರೆ, ಕೂಲಿಗೆ ಓಡಾಡೋದು ಬೇರೆ. ಹೋಗ್ ಹೋಗು."

ಗಡಿಬಿಡಿ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಡಾವಣೆ ಇಟ್ಟದ್ದು. ಮಧ್ಯಾಹ್ನ ಎರಡಕ್ಕೆ ಐದನೇ ಮನೆಯ ಕೊನೆಯ ಪಾತ್ರೆ ಕವುಚಿಟ್ಟವಳೇ, ರೈಲು ಹಳಿ ದಾಟಿ ಆಚೆಗಿದ್ದ ತನ್ನ ವಠಾರಕ್ಕೆ ಒಂದೇ ಓಟ ಕೀಳುತ್ತಿದ್ದಳು. ಗೇಟಿನಲ್ಲಿ ನಿಂತ ಯಜಮಾನಿಯರು, "ಪಾಪ, ಮಕ್ಕಳ ಮೇಲೆ ಎಷ್ಟು ಪ್ರಾಣ ನೋಡಿ" ಎನ್ನುತ್ತಿದ್ದರು. ಮಕ್ಕಳು ಆ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದವು. ಪ್ರಾಣ ಹೋಗುತ್ತಿದ್ದದ್ದು ಬೇರೆ ಕಾರಣಕ್ಕೆ.

ಐದು ಮನೆಗಳಲ್ಲಿ ಒಟ್ಟು ಹನ್ನೊಂದು ಕಕ್ಕಸು-ಬಚ್ಚಲುಗಳು. ಹನ್ನೊಂದನ್ನೂ ಮುಖ ನೋಡಿಕೊಳ್ಳಬಹುದು ಎನ್ನುವಂತೆ ಉಜ್ಜುವವಳು ಅವಳೇ. ಉಪಯೋಗಿಸಲು ಮಾತ್ರ ಒಂದೂ ಇಲ್ಲ. ಒಂದು ಮನೆಯಲ್ಲಿ ಟೈಲ್ಸು ಹೊರದೇಶದ್ದು. ಇನ್ನೊಂದರಲ್ಲಿ, "ನಮ್ಮತ್ತೆಗೆ ಆಗಲ್ಲಮ್ಮ." ಆ ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸಂಘದ ಅಧ್ಯಕ್ಷರ ಮನೆಯಲ್ಲಿ ಇದ್ದ ಮೂರರಲ್ಲಿ ಒಂದು ಅತಿಥಿಗಳಿಗೆಂದೇ ಮೀಸಲು. ಅತಿಥಿಗಳು ಬಂದದ್ದನ್ನು ಅವಳು ಕಂಡಿರಲಿಲ್ಲ.

ಹಾಗಾಗಿ ಆ ಕಸುಬಿಗೆ ಒಂದು ಕಟ್ಟಳೆ ಇತ್ತು. ಎದ್ದಾಗಿನಿಂದ ಎರಡು ಗಂಟೆಯವರೆಗೆ ನೀರು ಮುಟ್ಟುವಂತಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಹಳಬರು ಮೊದಲು ಹೇಳಿಕೊಡುತ್ತಿದ್ದದ್ದು ಇದನ್ನೇ. "ಪಾತ್ರೆ ಆಮೇಲ್ ಕಲಿ. ದಾಹ ಆದ್ರೆ ಬಾಯ್ ಮುಕ್ಕಳಿಸಿ ಉಗಿ, ಗಂಟ್ಲಿಗೆ ಮಾತ್ರ ಇಳಿಸ್ಬೇಡ." ಗಡಿಬಿಡಿ ಹದಿನಾರು ವರ್ಷ ಹೀಗೇ ಉಗಿದಳು.

ಈ ಸಲ ದೇಹ ಮಾತು ಕೇಳಲಿಲ್ಲ. ಉರಿ, ಚಳಿ, ಸೊಂಟದಲ್ಲಿ ಸುತ್ತಿಗೆ ಹೊಡೆದಂಥ ನೋವು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಚೀಟಿ ಬರೆಯುತ್ತಲೇ ಗದರಿದಳು. "ಸೋಂಕು ಕಿಡ್ನಿಗೆ ಏರಿದೆ. ದಿನಾ ಮೂರು ಲೀಟರ್ ನೀರು ಕುಡೀಬೇಕು. ಬಂದಾಗ ತಡ್ಕೋಬಾರ್ದು. ಹಿಂಗೇ ಬಿಟ್ರೆ ಒಂದು ಕಿಡ್ನಿ ಹೋಗತ್ತೆ."

"ಕುಡೀತೀನಿ ಡಾಕ್ಟ್ರಮ್ಮ. ಹೋಗೋದೆಲ್ಲಿ?"

ಡಾಕ್ಟರಮ್ಮ ತಲೆ ಎತ್ತದೆ ಚೀಟಿ ಚಾಚಿದಳು. ಅವಳ ಮನೆಯಲ್ಲೂ ಪಾತ್ರೆ ತೊಳೆಯುವವಳೊಬ್ಬಳು ಇದ್ದಳೇನೋ.

ಆ ಚೀಟಿ ಹಿಡಿದು ಗಡಿಬಿಡಿ ಭಾನುವಾರದ ಸಂಘದ ಸಭೆಗೆ ಹೋದಳು. ಸಂಘವೇನು ಕಡಿಮೆ ಕೆಲಸ ಮಾಡಿರಲಿಲ್ಲ. ರಸ್ತೆಗೆ ಡಾಂಬರು ಹಾಕಿಸಿತ್ತು, ಗಿಡ ನೆಡಿಸಿತ್ತು, ಕಲ್ಲುಬೆಂಚು ಹಾಕಿಸಿತ್ತು. ಮೂಲೆ ಮೂಲೆಗೂ ಬೀದಿನಾಯಿಗಳಿಗೆಂದು ನೀರಿನ ತೊಟ್ಟಿ ಇಡಿಸಿತ್ತು. ಕುಡಿದ ಮೇಲೆ ಎಲ್ಲಿಗೆ ಹೋಗುವುದೆಂಬ ಚಿಂತೆ ಆ ನಾಯಿಗಳಿಗಿರಲಿಲ್ಲ. ದೀಪದ ಕಂಬಗಳನ್ನೂ ಸಂಘವೇ ಹಾಕಿಸಿತ್ತು.

ಅಧ್ಯಕ್ಷರು ಚೀಟಿಯನ್ನು ದೂರ ಹಿಡಿದು ಓದಿ, ನಕ್ಕರು. ಅವರದು ಬೆಣ್ಣೆಯಂಥ ಮಾತು. "ನೋಡಮ್ಮ, ನೀನು ನಮ್ಮನೆ ಮಗಳಿದ್ದಂಗೆ. ಆದ್ರೆ ಅದು ಸದಸ್ಯರಿಗೆ ಅಂತ ಕಟ್ಸಿದ್ದು. ಸದಸ್ಯ ಆಗ್ಬೇಕಂದ್ರೆ ಬಡಾವಣೆಲಿ ಸ್ವಂತ ಮನೆ ಇರ್ಬೇಕು."

"ಇವತ್ತು ಇದಕ್ಕೆ ಅಂತ ಬರ್ತಾರೆ, ನಾಳೆ ಸ್ನಾನಕ್ಕೂ ಬರ್ತಾರೆ," ಕಾರ್ಯದರ್ಶಿ ಮೂಗು ಮುರಿದ. "ಗಲೀಜ್ ಮಾಡಿ ಹಾಕ್ತಾರೆ ಸಾರ್ ಇವ್ರು."

"ಹೌದಾ ಸಾರ್? ನಿಮ್ಮನೇದು ದಿನಾ ಬೆಳಗ್ಗೆ ಹೆಂಗಿರತ್ತೆ ಅಂತ ಹೇಳ್ಲಾ ಇಲ್ಲಿ?"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕಾರ್ಯದರ್ಶಿಯ ಕಿವಿ ಕೆಂಪಾಯಿತು. ಅಧ್ಯಕ್ಷರು ಎರಡೂ ಕೈ ಎತ್ತಿ, "ಆಯ್ತಾಯ್ತು. ಬರೋ ವಾರ ಅದ್ರದ್ದೇ ಉದ್ಘಾಟನೆ ಇದೆ. ಕತ್ತರಿ ತಟ್ಟೆ ಹಿಡ್ಕೊಳೋಕೆ ಒಬ್ರು ಬೇಕು. ಒಳ್ಳೆ ಬಟ್ಟೆ ಹಾಕ್ಕೊಂಡ್ ಬಾ, ಫೋಟೋಲಿ ಬರ್ತೀಯ" ಎಂದರು. ಕಿಡ್ನಿಯ ವಿಷಯ ಅಲ್ಲಿಗೆ ಮುಗಿಯಿತು.

ಉದ್ಘಾಟನೆಯ ದಿನ ಬೆಳಗ್ಗೆ ಅವಳು ನಿಂತ ನಿಲುವಿನಲ್ಲೇ ಎರಡು ದೊಡ್ಡ ಲೋಟ ನೀರು ಕುಡಿದಳು. ಓರಗಿತ್ತಿ ಬೆಚ್ಚಿಬಿದ್ದಳು. ಅವಳು ಅದೇ ಪಾರ್ಕಿನ ಕಸ ಗುಡಿಸುವವಳು.

"ಅಕ್ಕ, ಹುಚ್ಚಾ ನಿಂಗೆ? ಬೆಳಗ್ ಬೆಳಗ್ಗೆ ನೀರು ಕುಡೀತಾರಾ?"

"ಡಾಕ್ಟ್ರು ಹೇಳವ್ರೆ. ಒಂದ್ ಗಂಟೆ ಕಾರ್ಯಕ್ರಮ ತಾನೆ, ಮುಗಿಸ್ಕೊಂಡ್ ಓಡ್ಬರ್ತೀನಿ. ನಿನ್ ಹತ್ರ ಆ ಕಕ್ಕಸಿನ ಬೀಗದ್ ಕೈ ಇರಲ್ವೇನೇ?"

"ತೊಳಿಯೋಕೆ ಹತ್ ನಿಮ್ಷ ಕೊಡ್ತಾನೆ, ಆ ಸೆಕ್ರೆಟ್ರಿ ಬೋಳೀಮಗ. ಹೊರ್ಗಡೆ ನಿಂತ್ಕೊಂಡು ಕಿವಿ ಕೊಟ್ಟಿರ್ತಾನೆ. ಒಂದ್ ಚೊಂಬು ನೀರಿನ ಸದ್ದು ಜಾಸ್ತಿ ಬಂದ್ರೂ, ಒಳ್ಗೇನೇ ಮಾಡ್ತಿದೀಯ ಅಂತಾನೆ."

"ಅವನ ಕಿವಿಗೆ ಹುಳ ಬೀಳ," ಎಂದು ಗಡಿಬಿಡಿ ಹೊರಟಳು.

ಒಂಬತ್ತೂವರೆಗೆ ಬರಬೇಕಿದ್ದ ಮುಖ್ಯ ಅತಿಥಿಗಳು ಹನ್ನೊಂದಕ್ಕೆ ಬಂದರು. ಅಷ್ಟು ಹೊತ್ತೂ ಗಡಿಬಿಡಿ ತಟ್ಟೆ ಹಿಡಿದು, ಬಾಗಿಲಿಗೆ ಕಟ್ಟಿದ್ದ ಕೆಂಪು ಟೇಪಿನ ಪಕ್ಕದಲ್ಲಿ ನಿಂತಿದ್ದಳು. ಅತಿಥಿಗಳು ಒಳಹೊಕ್ಕು ನೋಡಲೆಂದು ಬೀಗ ತೆಗೆದಿಟ್ಟಿದ್ದರು. ಬಿಸಿಲು ತಪ್ಪಿಸಲು ಮೈಕನ್ನು ಶೌಚಾಲಯದ ಗೋಡೆಗೆ ಒತ್ತಿ, ಗಾಳಿಕಿಂಡಿಯ ಕೆಳಗೇ ನಿಲ್ಲಿಸಿದ್ದರು. ಅಧ್ಯಕ್ಷರ ಭಾಷಣ ಶುರುವಾಯಿತು. ಬಡಾವಣೆಯೆಂದರೆ ಒಂದು ಕುಟುಂಬ ಎಂದರು. ಗಡಿಬಿಡಿ ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕಿದಳು. ಸ್ವಚ್ಛತೆಯೇ ನಮ್ಮ ಉಸಿರು ಎಂದರು. ಬಲಗಾಲಿನದನ್ನು ಎಡಗಾಲಿಗೆ ಹಾಕಿದಳು. ತಟ್ಟೆಯಲ್ಲಿ ಕತ್ತರಿ ಕಟಕಟ ಎನ್ನತೊಡಗಿತು. ಕಣ್ಣಲ್ಲಿ ನೀರು ಬಂತು.

ಪಕ್ಕದಲ್ಲಿದ್ದ ಕಾರ್ಯದರ್ಶಿಗೆ ಮೆಲ್ಲಗೆ, "ಸಾರ್, ಆಗ್ತಿಲ್ಲ. ಬಿಡಿ ಸಾರ್, ಮನೆಗ್ ಹೋಗ್ತೀನಿ" ಎಂದಳು.

"ತಡ್ಕೊಳೇ. ಇಷ್ಟ್ ವರ್ಷ ತಡ್ಕೊಂಡಿಲ್ವಾ?"

ಓಹೋ, ಹಾಗಾದರೆ ಗೊತ್ತಿತ್ತು. ಇಷ್ಟು ವರ್ಷ ಯಾಕೆ ಓಡುತ್ತಾಳೆಂದು ಇವರಿಗೆಲ್ಲ ಗೊತ್ತೇ ಇತ್ತು. ಗಡಿಬಿಡಿಗೆ ಅವಮಾನಕ್ಕಿಂತ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು.

"ಹಿಡ್ಕೊಳಿ ಸಾರ್," ಎಂದು ತಟ್ಟೆಯನ್ನು ಅವನ ಕೈಗೇ ಕೊಟ್ಟಳು. ಟೇಪಿನ ಕೆಳಗೆ ಬಗ್ಗಿ ಒಳಗೆ ನುಗ್ಗಿ ಚಿಲಕ ಹಾಕಿಕೊಂಡಳು.

ಅಧ್ಯಕ್ಷರು "ಪ್ರತಿಯೊಬ್ಬರ ಅಗತ್ಯವನ್ನೂ ಅರಿತು" ಎನ್ನುವಲ್ಲಿಗೆ ಬಂದಿದ್ದರು. ಗಾಳಿಕಿಂಡಿಯಿಂದ ಮೈಕಿಗೆ ಇಳಿದ ಸದ್ದು ನಾಲ್ಕು ಧ್ವನಿವರ್ಧಕಗಳಿಂದ ಪಾರ್ಕಿನ ತುಂಬ ಹರಡಿತು. ಮುಗಿಯಿತು ಎಂದುಕೊಂಡವರು ಮೂರು ಸಲ ಮೋಸಹೋದರು. ಕೊನೆಗೆ ಫ್ಲಶ್ಶು ಅಣೆಕಟ್ಟಿನ ಬಾಗಿಲು ತೆರೆದಂತೆ ಭೋರ್ಗರೆಯಿತು. ಕುರ್ಚಿ ಜೋಡಿಸಲು ಬಂದಿದ್ದ ಮನೆಗೆಲಸದ ಹೆಂಗಸರ ಕಡೆಯಿಂದ ಮೊದಲ ನಗು ಬಂತು.

ಅವಳು ಸಾವಕಾಶವಾಗಿ ಕೈ ತೊಳೆದು ಹೊರಬಂದಳು. ಜೀವಮಾನದಲ್ಲೇ ಅಷ್ಟು ನಿಧಾನವಾಗಿ ಅವಳು ನಡೆದದ್ದನ್ನು ಬಡಾವಣೆ ಕಂಡಿರಲಿಲ್ಲ.

"ನಾಯಿ ಮುಂಡೆ! ನಾಳೆಯಿಂದ ಈ ಬಡಾವಣೆಗೆ ಕಾಲಿಟ್ರೆ ನೋಡು! ಐದಕ್ಕೈದೂ ಮನೆ ಬಿಡುಸ್ತೀನಿ!" ತಟ್ಟೆ ಹಿಡಿದುಕೊಂಡೇ ಕಾರ್ಯದರ್ಶಿ ಅರಚಿದ.

ಗಡಿಬಿಡಿಗೆ ಹೆದರಿಕೆಯಾಯಿತು, ಸುಳ್ಳೇಕೆ. ಐದು ಮನೆ ಹೋದರೆ ಒಲೆ ಹೊತ್ತುವುದಿಲ್ಲ. ಅಷ್ಟರಲ್ಲಿ ಓರಗಿತ್ತಿ ಪೊರಕೆಯನ್ನು ಕಲ್ಲುಬೆಂಚಿಗೆ ಒರಗಿಸಿ, ಟೇಪಿನ ಕೆಳಗೆ ಬಗ್ಗಿದಳು. ಚಿಲಕ ಬಿದ್ದ ಸದ್ದು ಮೈಕಿನಲ್ಲಿ ಕೇಳಿತು. ಹಿಂದೆಯೇ ಬಡಾವಣೆಯ ಒಂದು ಮನೆಯ ಅಡುಗೆಯವಳು ಬಂದು ನಿಂತಳು. ಅವಳ ಹಿಂದೆ ಮಗು ನೋಡಿಕೊಳ್ಳುವವಳು, ಅವಳ ಹಿಂದೆ ಇನ್ನೂ ಆರು ಮಂದಿ.

"ಯಾರೇ ನಿಮ್ಗೆ ಹೇಳಿದ್ದು? ಬೋರ್ಡ್ ನೋಡ್ರೇ!"

"ನಡ್ಕೊಂಡೇ ಬಂದಿದೀವಿ ಸಾರ್," ಎಂದಳು ಅಡುಗೆಯವಳು.

ಅತಿಥಿಗಳ ಮೇಜಿನ ಮೇಲೆ ಮುಚ್ಚಳ ಬಿಚ್ಚದ ನೀರಿನ ಬಾಟಲಿ ಇತ್ತು. ಗಡಿಬಿಡಿ ಅದನ್ನು ಎತ್ತಿಕೊಂಡು, ಮುಚ್ಚಳ ತಿರುವಿ, ಅಧ್ಯಕ್ಷರ ಎದುರೇ ಗಟಗಟನೆ ಕುಡಿದಳು. ಗಲ್ಲದಿಂದ ಇಳಿದು ಒಳ್ಳೆ ಬಟ್ಟೆಯೂ ನೆನೆಯಿತು. ತಳದಲ್ಲಿ ಉಳಿದಿದ್ದ ಒಂದು ಗುಟುಕನ್ನೂ ಬಿಡಲಿಲ್ಲ. ಖಾಲಿ ಬಾಟಲಿಯನ್ನು ಕತ್ತರಿಯ ಪಕ್ಕ ತಟ್ಟೆಯಲ್ಲಿಟ್ಟು, ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.