ಏಣಿ ಹತ್ತಿದ ಗುಬ್ಬಿ

ಪೆನ್ಸಿಲಿನ ತುದಿ ಮೇಜಿಗೆ ತಾಗುವ ಸದ್ದು, ಟಕ್ ಟಕ್, ನೆನಪಿನ ಪರೀಕ್ಷೆ ಮಾಡುವ ಮೇಡಂ ಕಾಯುತ್ತಿದ್ದಾರೆ, ನನಗೆ ಕಾಣುವುದು ಅಪ್ಪನ ಕುತ್ತಿಗೆಯ ಹಿಂಭಾಗ ಮಾತ್ರ, ನಿನ್ನೆ ನಾನೇ ಕತ್ತರಿಸಿದ ಕೂದಲು ಒಂದು ಕಡೆ ತುಸು ಮೇಲೆ ಹೋಗಿದೆ — ಮೂಲೆಯಲ್ಲಿ ಕೂತಿರಮ್ಮ, ಏನೇ ಆದ್ರೂ ಬಾಯಿ ಬಿಡಬಾರದು, ಸರಿ ಮೇಡಂ, ಬಾಯಿ ಬಿಡದೆ ಕೂರುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ, ಕಾಲೇಜಿನ ಮೂರು ವರ್ಷ ಇನ್ನೇನು ಮಾಡಿದೆ. ಆಗಲೇ ಮೂರು ಪದ ಹೇಳಿದ್ನಲ್ಲ ಸಾರ್, ಈಗ ನೀವು ಹೇಳಿ. ನದಿ, ಗಂಟೆ, ಕಂಬಳಿ, ನನ್ನ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿವೆ. ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಅಪ್ಪನ ತಲೆಗೆ ಪೆಟ್ಟಾದ ಮೇಲೆ ಇದು ಎರಡನೇ ಸಲ ಆಸ್ಪತ್ರೆಯ ಈ ಕೋಣೆಗೆ ಬರುವುದು, ಮೇಡಂ ಸಹಿ ಹಾಕಿದರೆ ಮತ್ತೆ ಶಾಲೆಯ ಬಸ್ಸು ಓಡಿಸಬಹುದು, ಇಲ್ಲದಿದ್ದರೆ ಇಲ್ಲ. ಕಳೆದ ಸಲ ಕೊಡೆ, ಏಣಿ, ಗುಬ್ಬಿ, ಅಪ್ಪ ಒಂದನ್ನೂ ಹೇಳಲಿಲ್ಲ, ನಾನು ಡೈರಿಯಲ್ಲಿ ಬರೆದಿಟ್ಟುಕೊಂಡೆ, ಆರು ತಿಂಗಳು ದಿನಾ ಬೆಳಿಗ್ಗೆ ಪಾಠ — ಕೊಡೆ ಹಿಡಿದ ಗುಬ್ಬಿ ಏಣಿ ಹತ್ತುತ್ತಿದೆ ಅಪ್ಪಾ, ಅದಕ್ಕೇನು ರೋಗ, ರೆಕ್ಕೆ ಇಲ್ವಾ, ಅನ್ನುತ್ತಿದ್ದರು ಅಪ್ಪ. ಪ್ರತಿ ಸಲವೂ ಪದ ಬದಲಾಗುತ್ತದೆಂದು ಈ ಪದವೀಧರೆಗೆ ಹೊಳೆಯಲೇ ಇಲ್ಲ.

ಗುಬ್ಬಿ, ಅಂದರು ಅಪ್ಪ, ಮೊದಲ ಬೆಂಚಿನ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ, ಏಣಿ, ಕೊಡೆ. ಮೇಡಂ ಏನೋ ಬರೆದರು. ಅಪ್ಪ ತಿರುಗಿ ನನ್ನ ಮುಖ ನೋಡಿದರು, ನೋಡುತ್ತಲೇ ಅವರಿಗೆ ಎಲ್ಲವೂ ಗೊತ್ತಾಯಿತು — ನಾನೇ ಏನೋ ಕಲಸಿಬಿಟ್ಟೆ ಮೇಡಂ, ವಯಸ್ಸಾಯ್ತಲ್ಲ. ಸುಳ್ಳು, ಹಿಂದೆ ನಾನು ಕನ್ನಡಿ ಒಡೆದ ತಪ್ಪನ್ನೂ ಹೀಗೇ ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದರು, ಅದೇ ದನಿ, ಅಂದು ಸುಮ್ಮನಿದ್ದೆ, ಇಂದೂ ಸುಮ್ಮನಿದ್ದರೆ ಬಸ್ಸಿನ ಕೀಲಿ ಗೋಡೆಯ ಮೊಳೆಗೇ ತೂಗಿಕೊಂಡಿರುತ್ತದೆ, ಆದರೆ ಅಪ್ಪ ನಿಜಕ್ಕೂ ಮರೆತಿದ್ದರೆ, ಹಿಂದೆ ಕೂರುವ ನಲವತ್ತು ಮಕ್ಕಳು — ನಾನು ಹೇಳಿಕೊಟ್ಟಿದ್ದು ಮೇಡಂ, ಹಳೇ ಪದ. ಯಾರದು ಈ ಗಂಟಲು, ನನ್ನದೇ. ಪೆನ್ಸಿಲು ನಿಂತಿತು. ಮಗಳು ಕೊಟ್ಟದ್ದು ಮನೇಲಿರಲಿ ಸಾರ್, ನಾನು ಕೊಟ್ಟದ್ದು ಹೇಳಿ, ನಿಧಾನವಾಗಿ. ತಾಳಿ ಮೇಡಂ, ಮೊದಲು ಆ ಗುಬ್ಬಿ ಕೆಳಗಿಳೀಲಿ. ಅಪ್ಪ ಕಣ್ಣು ಮುಚ್ಚಿದರು. ನದಿ, ಅಂದರು. ನದಿ, ಆಮೇಲೆ — ಹೇಳಿ ಅಪ್ಪಾ, ಟಣ್ ಎನ್ನುತ್ತದಲ್ಲ, ನೀವು ಬಸ್ಸು ನಿಲ್ಲಿಸುತ್ತಿದ್ದಂತೆ ಶಾಲೆಯಲ್ಲಿ ಬಾರಿಸುವುದು — ಬಾಯಿ ಬಿಡಬಾರದು, ಬಿಡುವುದಿಲ್ಲ, ಇಳಿಯೇ, ಇಳಿಯೇ ನನ್ನ ತಾಯಿ, ಒಂದೇ ಒಂದು ಮೆಟ್ಟಿಲು, ಕೊಡೆ ಬಿಚ್ಚಿಕೊಂಡೇ ಏಣಿಯ ತುದಿಯಲ್ಲಿ ಕೂತಿದೆ ಗುಬ್ಬಿ.